ಅಪ್ಪನ ಪಾಲಿನ ರೊಟ್ಟಿ

ಪ್ಲೇಗಿಗೆ ಹೆದರಿ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಕುಳಿತಿದ್ದ ವರ್ಷದ ಮಾತಿದು. ಆಗ ನಿಜಾಮರ ಆಳ್ವಿಕೆ. ಔರಾದ ತಾಲೂಕಿನಲ್ಲಿ ಸಂತಪುರಕ್ಕೆ ಹತ್ತಿರದ ಸಣ್ಣ ಊರು ನಮ್ಮದು. ನನಗೆ ಹತ್ತು ವರ್ಷವಿದ್ದೀತು. ಈಗ ಹಲ್ಲೆಲ್ಲ ಬಿದ್ದು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವ ಮುದುಕಿ ನಾನು. ಹಿಂದಿನದು ಎಷ್ಟೋ ಮರೆತಿದೆ. ಆದರೆ ಆಗ ತಿಂದ ಒಂದು ತುಂಡು ರೊಟ್ಟಿ ಮಾತ್ರ ಮರೆತಿಲ್ಲ.

ನಮ್ಮಪ್ಪ ತುಕ್ಕಪ್ಪ ಊರು ಕಾಯುವ ತಳವಾರ. ನಾನು ಹುಟ್ಟುವ ಮೊದಲೇ ಬೀದರಿನಿಂದ ಬರುತ್ತಿದ್ದ ಪಾದ್ರಿಯೊಬ್ಬರ ಕೈಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತನಾಗಿದ್ದ. ಯೋಹಾನ ಎಂದು ಹೆಸರಿಟ್ಟರೂ ಊರವರ ಬಾಯಲ್ಲಿ ತುಕ್ಕಪ್ಪನಾಗಿಯೇ ಉಳಿದ. ನಮ್ಮಂಥವು ಊರಲ್ಲಿ ನಾಲ್ಕಾರು ಮನೆ. ಬೇವಿನ ಮರದ ಕೆಳಗೆ ಕಂಬಳಿ ಹಾಸಿದರೆ ಅದೇ ನಮ್ಮ ದೇವಾಲಯ. ಪಾದ್ರಿಗಳು ಟಟ್ಟು ಕುದುರೆಯ ಮೇಲೆ ಬಂದ ಭಾನುವಾರ ಕರ್ತನ ಭೋಜನ ನಡೆಯುತ್ತಿತ್ತು. ಬ್ರೆಡ್ಡು ಎಂಬುದನ್ನು ನಾವು ಕಂಡೇ ಇರಲಿಲ್ಲ. ಅವ್ವ ಬಡಿದ ಜೋಳದ ರೊಟ್ಟಿಯೇ ಯೇಸುವಿನ ದೇಹ, ಒಣದ್ರಾಕ್ಷಿ ನೆನೆಸಿದ ನೀರೇ ರಕ್ತ.

ಅದರಲ್ಲಿ ನಮ್ಮದೇ ಒಂದು ರೂಢಿಯಿತ್ತು. ಎಲ್ಲರೂ ದುಂಡಗೆ ಕೂಡಬೇಕು. ರೊಟ್ಟಿಯನ್ನು ಯಾರೂ ತಾವೇ ಮುರಿದುಕೊಂಡು ತಿನ್ನುವಂತಿಲ್ಲ. ಪಕ್ಕದವರು ಮುರಿದು ಕೈಗೆ ಕೊಡಬೇಕು. ಅವ್ವ ಅಪ್ಪನಿಗೆ ಕೊಡುತ್ತಿದ್ದಳು, ಅಪ್ಪ ನನಗೆ. ಹೆಂಚಿನ ಮೇಲೆ ಉಬ್ಬಿ ಕೆಂಪಗಾದ ಭಾಗವೆಂದರೆ ನನಗೆ ಪ್ರಾಣ. ಅಪ್ಪ ಹುಡುಕಿ ಅದನ್ನೇ ಮುರಿದು ಕೊಡುತ್ತಿದ್ದ. "ದೇವರ ಪಂಕ್ತ್ಯಾಗೂ ಮಗಳಿಗಿ ವಶೀಲಿ ಏನ?" ಎಂದು ಅವ್ವ ಕಣ್ಣು ಬಿಡುತ್ತಿದ್ದಳು.

ಊರೆಲ್ಲ ಹೊಲಕ್ಕೆ ಹೋದ ಮೇಲೆ ಬೀಗ ಹಾಕಿದ ಮನೆಗಳನ್ನು ಕಾಯಲು ಅಪ್ಪನೊಬ್ಬನೇ ಉಳಿದ. ಒಂದು ದಿನ ಬೆಳಿಗ್ಗೆ ನಾನು ಅವನಿಗೆ ಬುತ್ತಿ ಒಯ್ದಾಗ ಪಾಟೀಲರ ಮನೆಯ ಮುಂದೆ ಗದ್ದಲ. ಅಂಗಳದಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತಲ್ಲ, ಅದರ ಬಾಯಿಯ ಕಲ್ಲು ಸರಿದಿತ್ತು. ಜೋಳ ಕಳುವಾಗಿತ್ತು.

"ತುಕ್ಕ್ಯಾ, ಹೆಜ್ಜಿ ಹಿಡದ್ ಹೋಗು. ಕಳ್ಳನ್ನ ತೋರ್ಸು. ಇಲ್ಲಂದ್ರ ನೀನೇ ಹೊರು. ಊರ ಕಾಯ್ದಾ ನಿನಗ ಗೊತ್ತದ," ಎಂದರು ಪಾಟೀಲರು.

ಕಾಯ್ದೆ ಹಾಗೆಯೇ ಇತ್ತು. ಕಾಯುವವನು ಕಳ್ಳನನ್ನು ಹಿಡಿದು ಕೊಡಬೇಕು, ಇಲ್ಲವೇ ಕಳವಿನ ಹೊಣೆ ತಾನೇ ಹೊರಬೇಕು. ಹೆಜ್ಜೆಯ ಜಾಡು ಹಿಡಿಯುವುದು ಅಪ್ಪನಿಗೆ ಹೊಸತೇನೂ ಅಲ್ಲ. ನಾನೂ ಹಿಂದೆ ಹಿಂದೆ ನಡೆದೆ. ಧೂಳಿನಲ್ಲಿ ಬರಿಗಾಲಿನ ಗುರುತು ಹಳ್ಳದ ಕಡೆ ಹೋಗಿತ್ತು. ಹಳ್ಳದ ದಂಡೆಯಲ್ಲಿ ಒಂಟಿ ಗುಡಿಸಲು. ಅದು ಕೂಲಿ ಮಾಡುವ ಭೀಮಣ್ಣನದು. ನಮ್ಮ ಮನೆಯ ನೀರು ಮುಟ್ಟದ ಜಾತಿಯವನು ಅವನು. ಪ್ಲೇಗು ಬಂದಾಗಿನಿಂದ ಯಾರಿಗೂ ಕೂಲಿಯಿರಲಿಲ್ಲ. ಒಳಗೆ ಅವನ ಬಾಣಂತಿ ಹೆಂಡತಿ ಜ್ವರದಲ್ಲಿ ನರಳುತ್ತಿದ್ದಳು. ಹಸಿಗೂಸು ಅಳಲೂ ತ್ರಾಣವಿಲ್ಲದೆ ಕುಂಯ್ ಕುಂಯ್ ಅನ್ನುತ್ತಿತ್ತು. ಒಲೆಯ ಮೇಲೆ ಅಂಬಲಿ ಕುದಿಯುವ ವಾಸನೆ ಹೊರಗಿನವರೆಗೂ ಬರುತ್ತಿತ್ತು. ಭೀಮಣ್ಣ ನಮ್ಮ ಕಡೆ ಬೆನ್ನು ಮಾಡಿ ಒಲೆ ಊದುತ್ತಿದ್ದ. ನಮ್ಮನ್ನು ನೋಡಲಿಲ್ಲ.

ಅಪ್ಪ ಬಹಳ ಹೊತ್ತು ಅಲ್ಲೇ ನಿಂತ. ಆಮೇಲೆ ಹೆಗಲ ಮೇಲಿನ ಕಂಬಳಿಯನ್ನು ಕೆಳಗೆ ಇಳಿಬಿಟ್ಟು ಎಳೆಯುತ್ತಾ ಬಂದ ದಾರಿಯಲ್ಲೇ ಹಿಂದಿರುಗಿದ. ಹೆಜ್ಜೆಗಳೆಲ್ಲ ಅಳಿಸಿಹೋದವು.

"ಅಪ್ಪಾ, ಕಳ್ಳ ಅಂವಾನೇ ಅಲ್ಲಾ?" ಎಂದೆ.

"ಹೌದವ್ವಾ. ಯಾರ ಮುಂದೂ ಅನಬ್ಯಾಡ."

"ಯಾಕ? ಅಂವ ನಿನಗ ಕೇಳ್ಯಾನೇನು, ನನ್ನ ಉಳಸು ಅಂತ?"

"ಕೇಳಿಲ್ಲ. ನನಗೂ ಒಬ್ಬಾಂವ ನಾ ಕೇಳಲಾರದೇ ಉಳಸ್ಯಾನ, ರೂತವ್ವಾ," ಎಂದ.

ಚಾವಡಿಯಲ್ಲಿ ಪೊಲೀಸು ಅಮೀನ ಸಾಹೇಬರು ಗದರಿಸಿ ಕೇಳಿದರು. ಅಪ್ಪ ತಾನು ಕದ್ದೆನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. "ನಾನೇ ಹೊರ್ತೇನ್ರಿ" ಎಂಬ ಒಂದೇ ಮಾತು. ಬೇಲಿಯೇ ಹೊಲ ಮೇಯಿತು ಎಂದು ಜನ ಬಾಯಿಗೆ ಬಂದಂತೆ ಆಡಿಕೊಂಡರು. ನನ್ನ ನಾಲಿಗೆಯ ತುದಿಯಲ್ಲಿ ಭೀಮಣ್ಣನ ಹೆಸರು ಕುಣಿಯುತ್ತಿತ್ತು. ಅಪ್ಪ ನನ್ನ ಕಡೆ ನೋಡಿದ. ಬಾಯಿ ಮುಚ್ಚಿಕೊಂಡೆ. ಅವನ ಕೈಗೆ ಹಗ್ಗ ಹಾಕಿ ಬೀದರಿಗೆ ನಡೆಸಿಕೊಂಡು ಹೋದರು.

ಅವ್ವನಿಗೆ ಮಾತ್ರ ಎಲ್ಲ ಹೇಳಿದೆ. ಈಗಲೇ ಪಾಟೀಲರ ಬಳಿ ಓಡುತ್ತಾಳೆ ಎಂದುಕೊಂಡಿದ್ದೆ. ಅವ್ವ ಗುಡಿಸಲ ಗೋಡೆಗೆ ಒರಗಿ ಕುಳಿತು ಅತ್ತಳು. ಆಮೇಲೆ, "ಹೇಳಿದ್ರ ನಿಮ್ಮಪ್ಪ ಬರ್ತಾನ, ಆ ಕೂಸಿನ ಅಪ್ಪ ಹೋಗ್ತಾನ. ನೀನೇ ಹೇಳು, ಏನ್ ಮಾಡ್ಲಿ?" ಎಂದಳು. ನನಗೆ ನನ್ನ ಅಪ್ಪ ಬೇಕಾಗಿತ್ತು, ಅಷ್ಟೇ. ಆದರೂ ಅವ್ವನ ಸೆರಗಿನಿಂದಲೇ ಅವಳ ಕಣ್ಣು ಒರೆಸಿದೆ.

ಆಮೇಲಿನದೆಲ್ಲ ಬರೀ ಕಾಯುವುದು. ಅವ್ವ ಒಮ್ಮೆ ಬೀದರಿಗೆ ನಡೆದು ಹೋಗಿ ಅಪ್ಪನನ್ನು ಕಂಡು ಬಂದಳು. "ಸುಗ್ಗಿಗಿ ಬರ್ತೇನಿ ಅಂತ ರೂತವ್ವಗ ಹೇಳು," ಎಂದಿದ್ದನಂತೆ. ನಾನು ದಿನಾ ಸಂಜೆ ಸಂತಪುರದ ದಾರಿಯ ಜಾಲಿ ಗಿಡದ ಕೆಳಗೆ ಹೋಗಿ ಕುಳಿತುಕೊಳ್ಳುತ್ತಿದ್ದೆ. ದೂರದಲ್ಲಿ ಯಾರು ಕಂಡರೂ ಅಪ್ಪನ ನಡಿಗೆಯಂತೆಯೇ ಕಾಣುತ್ತಿತ್ತು. ಹತ್ತಿರ ಬಂದ ಮೇಲೆ ಬೇರೆ ಯಾರೋ ಆಗಿರುತ್ತಿದ್ದರು. ಭೋಜನದ ಭಾನುವಾರ ಅವ್ವ ತನ್ನ ಮತ್ತು ನನ್ನ ನಡುವೆ ಅಪ್ಪನ ಜಾಗ ಬಿಡುತ್ತಿದ್ದಳು. ಅವನ ಪಾಲಿನ ತುಂಡನ್ನು ಕಂಬಳಿಯ ಮೇಲಿಟ್ಟು, ಆ ಜಾಗದ ಮೇಲಿಂದ ಕೈ ಚಾಚಿ ನನಗೆ ಕೊಡುತ್ತಿದ್ದಳು. ಕೆಂಪಗಾದ ಭಾಗ ಅವಳಿಗೆ ನೆನಪಾಗುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಭೀಮಣ್ಣನೋ, ಹೆಂಡತಿ ಚೇತರಿಸಿಕೊಂಡ ಕೂಡಲೇ ಅವಳನ್ನೂ ಕೂಸನ್ನೂ ಕರೆದುಕೊಂಡು ಭಾಲ್ಕಿ ಕಡೆ ಹೋಗಿಬಿಟ್ಟಿದ್ದ. ಅದನ್ನು ಕೇಳಿ ನನ್ನ ಮೈ ಉರಿದುಹೋಯಿತು. ಪಾದ್ರಿಗಳು ನಮ್ಮ ಪಾಪಕ್ಕಾಗಿ ಬಲಿಯಾದ ಕುರಿಮರಿಯ ಮಾತು ಹೇಳುವಾಗಲೆಲ್ಲ ನಾನು ಹುಲ್ಲು ಕೀಳುತ್ತಾ ಕುಳಿತಿರುತ್ತಿದ್ದೆ.

ಪ್ಲೇಗು ಇಳಿದು ಊರು ಮನೆಗಳಿಗೆ ಮರಳಿತು. ಸುಗ್ಗಿ ಬಂತು. ರಾಶಿಯೂ ಆಯಿತು. ಒಂದು ಶನಿವಾರ ಸಂಜೆ ಜಾಲಿ ಗಿಡದ ಕೆಳಗೆ ಕುಳಿತಿದ್ದಾಗ ದೂರದಲ್ಲಿ ಒಬ್ಬ ಬರುವುದು ಕಂಡಿತು. ಹೆಗಲ ಮೇಲೆ ಅಪ್ಪನ ಕಂಬಳಿ! ಕರಿಯ ಕಂಬಳಿಗೆ ಅವ್ವ ಹಾಕಿದ್ದ ಕೆಂಪು ನೂಲಿನ ಅಂಚು ನನಗೆ ಗೊತ್ತಿಲ್ಲವೇ? "ಅಪ್ಪಾ" ಎಂದು ಕೂಗುತ್ತಾ ಓಡಿದೆ. ಬಂದವನು ಭೀಮಣ್ಣ.

ಅವನು ನಮ್ಮ ಹೊಸ್ತಿಲ ಹೊರಗೆ ಕುಳಿತು, ಕಂಬಳಿಯನ್ನು ಅವ್ವನ ಮುಂದಿಟ್ಟು ಮುಖ ಮುಚ್ಚಿಕೊಂಡ. ಭಾಲ್ಕಿ ಬಜಾರದಲ್ಲಿ ನಮ್ಮೂರವನೊಬ್ಬ ಸಿಕ್ಕು ಜೋಳದ ಕಳವಿಗೆ ತುಕ್ಕಪ್ಪ ಜೇಲಿಗೆ ಹೋದ ಸುದ್ದಿ ಹೇಳಿದನಂತೆ. ಕದ್ದ ಹೆದರಿಕೆಗೆ ಜನರತ್ತ ಸುಳಿಯದೆ ಇದ್ದ ಅವನಿಗೆ ಅಲ್ಲಿಯವರೆಗೆ ಏನೂ ಗೊತ್ತಿರಲಿಲ್ಲ. ಕೂಡಲೇ ಬೀದರಿಗೆ ಹೋಗಿ ಜೇಲಿನ ಬಾಗಿಲಲ್ಲಿ, "ಕದ್ದಾಂವ ನಾ, ನನ್ನ ಹಿಡೀರಿ, ಅವಗ ಬಿಡ್ರಿ" ಎಂದು ಗೋಗರೆದನಂತೆ.

"ಜ್ವರ ಬಂದು ಹೋಗಿಬಿಟ್ಟಾನ ಅಂದ್ರು ಅಕ್ಕಾ. ಮಣ್ಣೂ ಮಾಡಿಬಿಟ್ಟಿದ್ರು. ನಾ ಹೋಗೂದ್ರಾಗ ತಡಾ ಆತು," ಎಂದು ಬಿಕ್ಕಿದ. "ಈಗರೆ ನನ್ನ ಒಳಗ ಹಾಕ್ರಿ ಅಂದೆ. ಜಮಾದಾರ ಈ ಕಂಬಳಿ ಕೈಯಾಗ ಕೊಟ್ಟು, 'ಸಜಾ ತೋ ಪೂರಿ ಹೋ ಗಯಿ ಬಾವಾ, ತೂ ಜಾ' ಅಂದ. ಶಿಕ್ಷಾ ಮುಗದದ, ನೀ ಹೋಗು ಅಂದ್ರ ನಾ ಎಲ್ಲಿಗಿ ಹೋಗ್ಲಿ ಅಕ್ಕಾ? ನೀವೇ ಬೈರಿ, ಹೊಡೀರಿ."

ಅವ್ವ ಕಂಬಳಿಗೆ ಮುಖ ಒತ್ತಿಕೊಂಡು ಎಷ್ಟೋ ಹೊತ್ತು ಅತ್ತಳು. ಬೈಯಲಿಲ್ಲ. ಕತ್ತಲಾಗುವ ಮುಂಚೆ ಎದ್ದು ಒಂದು ಚೊಂಬು ನೀರು ತಂದು ಅವನ ಮುಂದಿಟ್ಟಳು. ಅವನು ಚೊಂಬನ್ನು ನೋಡಿದ, ಅವ್ವನನ್ನು ನೋಡಿದ, ಎತ್ತಿ ಕುಡಿದ. ನಾನು ಹಿತ್ತಲಿಗೆ ಹೋಗಿ ಅವನಿಗೆ ಹಿಡಿಶಾಪ ಹಾಕಿದೆ.

ಮರುದಿನ ಭೋಜನದ ಭಾನುವಾರ. ಅವ್ವ ಅಳುತ್ತಲೇ ರೊಟ್ಟಿ ಬಡಿದಳು. ಭೀಮಣ್ಣ ದೂರ ಗಿಡದ ಮರೆಯಲ್ಲಿ ನಿಂತಿದ್ದ. ಅವ್ವ ಎದ್ದು ಹೋಗಿ ಅವನ ರಟ್ಟೆ ಹಿಡಿದು ತಂದಳು. ಕೂಡಿಸಿದ್ದಾದರೂ ಎಲ್ಲಿ? ನನಗೂ ಅವಳಿಗೂ ನಡುವೆ, ಅಪ್ಪನ ಜಾಗದಲ್ಲಿ! ಪಾದ್ರಿಗಳು ಏನೋ ಹೇಳಲು ಬಾಯಿ ತೆರೆದವರು ಅವ್ವನ ಮುಖ ನೋಡಿ ರೊಟ್ಟಿಯನ್ನು ಕೈಗೆತ್ತಿಕೊಂಡರು.

ರೊಟ್ಟಿ ಸುತ್ತಿಕೊಂಡು ಬಂತು. ಅವ್ವ ಒಂದು ತುಂಡು ಮುರಿದು ಭೀಮಣ್ಣನ ಕೈಗಿಟ್ಟು, "ಇದು ನಮ್ಮ ಮನಿಯಾವ್ರ ಪಾಲು, ತಿನ್ನಪ್ಪಾ," ಎಂದು ಉಳಿದ ರೊಟ್ಟಿಯನ್ನೂ ಕೊಟ್ಟಳು. ಇನ್ನು ಅವನು ಮುರಿದು ನನಗೆ ಕೊಡಬೇಕು. ನಾನು ಎರಡೂ ಕೈಗಳನ್ನು ಮುಷ್ಟಿ ಮಾಡಿ ಮಡಿಲಲ್ಲಿಟ್ಟುಕೊಂಡೆ. ಸತ್ತರೂ ಇವನ ಕೈಯಿಂದ ತಿನ್ನುವುದಿಲ್ಲ ಎಂದುಕೊಂಡೆ.

ಅವನಿಗೆ ನಮ್ಮ ರೂಢಿ ಏನು ಗೊತ್ತು? ಮುರಿಯಲೂ ಇಲ್ಲ, ತಿನ್ನಲೂ ಇಲ್ಲ. ಉಳಿದ ರೊಟ್ಟಿಯನ್ನೂ ತನ್ನ ಪಾಲಿನ ತುಂಡನ್ನೂ ಒಟ್ಟಿಗೆ ನನ್ನ ಮಡಿಲಲ್ಲಿಟ್ಟು, "ನಿಮ್ಮಪ್ಪಂದು ಇದು, ತಂಗೀ. ಅವನನ್ನೇ ತಿಂದು ಕುಂತೀನಿ. ಇದ್ನೂ ಹ್ಯಾಂಗ ತಿನ್ಲಿ?" ಎಂದ.

ಅಪ್ಪನ ತುಂಡು ನನ್ನ ಮಡಿಲಲ್ಲಿತ್ತು. ಅದು ಉಬ್ಬಿ ಕೆಂಪಗಾದ ಭಾಗವೇ ಆಗಿತ್ತು. ಅದನ್ನು ಕಂಡದ್ದೇ ತಡ, ಅಲ್ಲಿಯವರೆಗೆ ಅಳದಿದ್ದ ನಾನು ಬಿಕ್ಕಿ ಬಿಕ್ಕಿ ಅತ್ತೆ. ಎಲ್ಲರೂ ಕಾಯುತ್ತಿದ್ದರು, ಯಾರೂ ಅವಸರ ಮಾಡಲಿಲ್ಲ. ಕಂಬಳಿ ಎಳೆಯುತ್ತಾ ನಡೆದ ಅಪ್ಪ ಕಣ್ಣ ಮುಂದೆ ಬಂದ. ಕೊಟ್ಟದ್ದು ಅವನು. ಬೇಡ ಎನ್ನಲು ನಾನು ಯಾರು? ತುಂಡನ್ನು ಎರಡು ಮಾಡಿದೆ. ಒಂದನ್ನು ಭೀಮಣ್ಣನ ಕೈಗೆ ಕೊಟ್ಟು, "ತಿನ್ನು ಮಾಮಾ. ಅಪ್ಪ ಕೊಟ್ಟಾನ," ಎಂದೆ. ಇಬ್ಬರೂ ಅಳುತ್ತಲೇ ತಿಂದೆವು.

ಹೆಸರಿಡದೆ ಉಳಿದಿದ್ದ ಆ ಕೂಸಿಗೆ ಭೀಮಣ್ಣ ಮಾಮಾ ‘ತುಕ್ಕಪ್ಪ’ ಎಂದೇ ಹೆಸರಿಟ್ಟ. ಅವರು ನಮ್ಮೂರಿಗೇ ಮರಳಿ ಬಂದರು. ಓಣಿಯಲ್ಲಿ ಆ ಕೂಸಿನ ತಾಯಿ "ತುಕ್ಕಪ್ಪಾ" ಎಂದು ಕೂಗಿದಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದೆ.

ಪಾಪ, ಬಲಿ, ಕೃಪೆ ಎಂದು ಇಷ್ಟು ವರ್ಷಗಳಲ್ಲಿ ಪಾದ್ರಿಗಳ ಎಷ್ಟೋ ಪ್ರಸಂಗ ಕೇಳಿದ್ದೇನೆ. ಎಲ್ಲ ನಿಜವೇ. ಆದರೆ ಪ್ರಾಣ ಕೊಟ್ಟವನ ಮನೆಯಲ್ಲಿ ದಾರಿ ಕಾಯುವವರೂ ಇರುತ್ತಾರೆ ಎಂಬ ಮಾತನ್ನು ಯಾರೂ ಎತ್ತುವುದಿಲ್ಲ. ಮಗನನ್ನು ಕಳಿಸಿದ ಮೇಲೆ ಆ ದೇವರೂ ನನ್ನ ಹಾಗೆ ದಾರಿ ಕಾದಿರಬೇಕು. ಹಾಗೆ ಅನ್ನಿಸಿದ ದಿನದಿಂದ ದೇವರ ಮೇಲಿದ್ದ ನನ್ನ ಸಿಟ್ಟು ಇಳಿದಿದೆ.

ಆಸೆ ಮಾತ್ರ ಇಳಿದಿಲ್ಲ. ಇಂದಿಗೂ ಭೋಜನದಲ್ಲಿ ಪಕ್ಕದವರು ರೊಟ್ಟಿ ಮುರಿದು ಕೊಡುವಾಗ ನಾನು ಮೊದಲು ಆ ಕೈಯನ್ನು ನೋಡುತ್ತೇನೆ. ಅಪ್ಪನದಲ್ಲವೆಂದು ಗೊತ್ತಾದ ಮೇಲೆ ರೊಟ್ಟಿ ತೆಗೆದುಕೊಳ್ಳುತ್ತೇನೆ.