ಸಾರಿ ಗಾರ್ಡಿಗೆ ಕಟ್ಟಿದ ಪೈಪು

ಬೈಕಿನ ಹಿಂದಿನ ಚಕ್ರದ ಪಕ್ಕದಲ್ಲಿ, ಹೆಂಗಸರ ಸೀರೆ ಸಿಕ್ಕಿಕೊಳ್ಳದಿರಲೆಂದು ಒಂದು ಕಬ್ಬಿಣದ ಜಾಲರಿ ಇರುತ್ತದೆ. ಸಾರಿ ಗಾರ್ಡ್ ಅನ್ನುತ್ತಾರೆ. ಇಂಜಿನ್ನಿನ ಎಣ್ಣೆ ಉಗುಳುವ ಪೈಪನ್ನು ನಮ್ಮನೆಯವರು ತಂದು ಕಟ್ಟಿದ್ದು ಅದೇ ಜಾಲರಿಗೆ. ಅವರ ಬುದ್ಧಿಗೆ ಏನನ್ನಬೇಕು!

ಆದದ್ದಿಷ್ಟು. ಇಂಜಿನ್ ಒಳಗಿನ ಬಿಸಿಗಾಳಿ ಹೊರಬರಲು ಬ್ರೀದರ್ ಅಂತ ಒಂದು ರಬ್ಬರ್ ಪೈಪು ಇರುತ್ತದೆ. ನಮ್ಮ ಗಾಡಿಗೆ ವಯಸ್ಸಾಗಿ, ಗಾಳಿಯ ಜೊತೆ ಎಣ್ಣೆಯೂ ಬಂದು ಏರ್ ಫಿಲ್ಟರ್ ತೊಯ್ದು, ಗಾಡಿ ಮಿಸ್ಸಿಂಗ್ ಹೊಡೆಯತೊಡಗಿತ್ತು. ಕುಷ್ಟಗಿಯ ಮೆಕ್ಯಾನಿಕ್ ಒಂದು ಉಪಾಯ ಹೇಳಿದ. "ಪೈಪ್ ಫಿಲ್ಟರಿನಿಂದ ಬಿಡಿಸಿ ಒಂದು ಡಬ್ಬಿಗೆ ಕೊಡ್ರಿ ಸರ್, ಎಣ್ಣಿ ಅದರಾಗ ನಿಂದರತೈತಿ." ಇವರು ಪೈಪು ಬಿಡಿಸಿದರು, ಫಿಲ್ಟರಿನ ತೂತಿಗೆ ಬಿರಡೆ ಜಡಿದರು. ಡಬ್ಬಿ ಮಾತ್ರ "ಆಮ್ಯಾಲ ನೋಡೂಣು" ಆಯಿತು.

ಗಾಡಿ ಸುಧಾರಿಸಿತು, ನಾನು ಕೆಟ್ಟೆ. ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿನವರೆಗೆ ಅವರ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂರುವವಳು ನಾನು. ಯಲಬುರ್ಗಾದ ನನ್ನ ಶಾಲೆ ಮುಟ್ಟುವಷ್ಟರಲ್ಲಿ ಸೀರೆಯ ಅಂಚಿಗೆ ಎಣ್ಣೆ, ಎಣ್ಣೆಗೆ ಎರೆಮಣ್ಣಿನ ಧೂಳು. ಹೇಳಿದೆ. "ಸೀಮಿಎಣ್ಣಿ ಹಚ್ಚಿ ತಿಕ್ಕು, ಹೊಕ್ಕೈತಿ" ಎಂದರು. ರೇಷನ್ನಿನಲ್ಲಿ ಸೀಮೆಎಣ್ಣೆ ನಿಂತು ಎಷ್ಟು ಕಾಲವಾಯಿತೆಂಬುದೂ ಈ ಮಹಾರಾಯರಿಗೆ ಗೊತ್ತಿಲ್ಲ. ಮತ್ತೆ ಹೇಳಿದೆ. "ಕಾಲು ಸರಿಸಿ ಕುಂದ್ರಾಕ ಬರೂದಿಲ್ಲೇನು ನಿನಗ?" ಎಂದರು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ತಂಗಿಯ ಸೀಮಂತದ ಕುಬಸಕ್ಕೆಂದು ಗಂಗಾವತಿಗೆ ಹೋದ ದಿನ ಅವ್ವ ಕೊಟ್ಟ ಇಳಕಲ್ ಸೀರೆ ಉಟ್ಟಿದ್ದೆ. ಇಳಿದು ನೋಡಿದರೆ ಅಂಚಿನುದ್ದಕ್ಕೂ ಕರಿ ಕಲೆ. "ಏನವ್ವಾ, ಗಾಡಿ ನೀನ ರಿಪೇರಿ ಮಾಡಿ ಬಂದಿ ಏನು?" ಎಂದು ಸೋದರತ್ತೆ ಕೇಳಿದರು. ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ಇವರೂ ನಕ್ಕರು. ಆರತಿ ಎತ್ತುವಾಗ ನಾನು ನಿರಿಗೆ ಮುಚ್ಚಿಕೊಂಡು ಎಲ್ಲರ ಹಿಂದೆ ನಿಂತೆ. ಸೀರೆ ಹೋದರೆ ಹೋಗಲಿ, ತಪ್ಪಾಯಿತು ಅನ್ನುವ ಒಂದು ಮಾತು ಈ ಮನುಷ್ಯನ ಬಾಯಿಂದ ಬಂದೀತೇ ಎಂದು ವಾಪಸು ಬರುವ ದಾರಿಯುದ್ದಕ್ಕೂ ಕಾದೆ. ಕನಕಗಿರಿ ಬಂತು, ತಾವರಗೇರಾ ಬಂತು, ಮನೆಯೂ ಬಂತು. ಇವರು ಗಾಡಿ ಒಳಗಿಟ್ಟು ಟಿ.ವಿ. ಹಚ್ಚಿದರು.

ಮುಂದೊಂದು ಶನಿವಾರ ಅವರ ಕಚೇರಿಯ ಸಾಹೇಬರು ಕೊಪ್ಪಳದಿಂದ ಬಂದಿದ್ದರು. ಜೀಪು ಕೆಟ್ಟಿದ್ದರಿಂದ ನಮ್ಮ ಗಾಡಿಯ ಹಿಂದೆ ಕೂತು ಹಳ್ಳಿಯೊಂದಕ್ಕೆ ಹೋಗಬೇಕಾಯಿತು. ಸಾಹೇಬರದು ಬಿಳಿ ಪ್ಯಾಂಟು.

ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ಶೇಂಗಾ ಚಟ್ನಿಪುಡಿ ಪೇಪರಿನ ಮೇಲೆ ಬಿದ್ದಿದೆ, ಅದರ ಸ್ಟೀಲ್ ಡಬ್ಬಿ ಅಂಗಳದಲ್ಲಿದೆ. ಹೊಸ ಪೈಪು, ಹೊಸ ಕ್ಲಿಪ್ಪು ಎಲ್ಲ ತಂದಿಟ್ಟುಕೊಂಡು ಇವರು ಮುಚ್ಚಳಕ್ಕೆ ಎರಡು ತೂತು ಕೊರೆಯುತ್ತಿದ್ದರು. "ಒಂದ್ರಾಗ ಎಣ್ಣಿ ಬರತೈತಿ, ಇನ್ನೊಂದ್ರಾಗ ಗಾಳಿ ಹೊರಗ ಹೊಕ್ಕೈತಿ. ಪೂರಾ ಮುಚ್ಚಿಬಿಟ್ರ ಇಂಜಿನ್ ಉಸಿರುಗಟ್ಟಿ ಸೀಲ್ ಕಿತ್ತು ಬರತಾವ" ಎಂದು ನನಗೆ ಪಾಠವನ್ನೂ ಮಾಡಿದರು. ಎಣ್ಣೆ ಹಿಡಿದಿಡಲು ನಾನು ಪಾತ್ರೆ ತಿಕ್ಕುವ ತಂತಿಯ ಉಂಡೆಯನ್ನೇ ಒಳಗೆ ತುರುಕಿ, ಡಬ್ಬಿಯನ್ನು ಬ್ಯಾಟರಿಯ ಪಕ್ಕ ಬಿಗಿದರು. ಒಂದು ತಾಸೂ ಹಿಡಿಯಲಿಲ್ಲ. ಎಂಟು ತಿಂಗಳು ನಾನು ಬೇಡಿಕೊಂಡದ್ದು ಈ ಒಂದು ತಾಸಿನ ಕೆಲಸಕ್ಕೆ! ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇಂಥವರಿಗೇ.

"ಇದರದೊಂದು ಫೋಟೋ ತಗದು ಸಾಹೇಬ್ರಿಗೆ ಕಳಸು. ನನ್ನ ಕೈ ಎಣ್ಣಿ ಆಗೇತಿ" ಎಂದರು. ತೆಗೆದೆ.

"ಕೆಳಗ ಬರಿ" ಎಂದರು, ಬಗ್ಗಿಕೊಂಡೇ. "ಸರ್, ನಂದ ತಪ್ಪಾತ್ರಿ. ದಯವಿಟ್ಟು ಕ್ಷಮಿಸ್ರಿ."

ಟೀಚರ್ ಅಲ್ಲವೇ ನಾನು. ಒಂದಕ್ಷರವೂ ತಪ್ಪಿಲ್ಲದಂತೆ ಟೈಪ್ ಮಾಡಿ, ಸಾಹೇಬರಿಗೆ ಕಳಿಸಿದೆ.