ಎಡ ಕಿಟಕಿ, ಬಲ ಕಿಟಕಿ

ಕೊಪ್ಪದ ಪೇಟೆಯ ಹಳೆಯ ಮದ್ದಿನಂಗಡಿಗೆ ಬಾಗಿಲು ಒಂದು, ಕಿಟಕಿ ಎರಡು. ಗಿರಾಕಿಗಳು ಒಳಗೆ ಹೋಗುವ ಕ್ರಮ ಇರಲಿಲ್ಲ. ಜಗಲಿಯಲ್ಲಿ ನಿಂತು ಕಿಟಕಿಯಲ್ಲಿ ಕೈ ನೀಡಬೇಕು. ಬಲಗಡೆ ಕುಡಿಯುವ ಮದ್ದು, ಎಡಗಡೆ ಹಚ್ಚುವ ಮದ್ದು. ಒಳಗೂ ಎರಡು ಕೋಣೆ, ನಡುವೆ ಮೊಳ ದಪ್ಪದ ಮಣ್ಣಿನ ಗೋಡೆ. ಮಲೇರಿಯಾ ಕಾಲದಲ್ಲಿ, ಓದಲು ಬಾರದವರೇ ಹೆಚ್ಚಾಗಿ ಬರುತ್ತಿದ್ದುದರಿಂದ ಹೀಗೆ ಕಟ್ಟಿಸಿದರಂತೆ. ಇದು ಹಿರಿಯರು ಹೇಳಿದ್ದು. ದಾಖಲೆ ನಾನು ನೋಡಿಲ್ಲ.

ನೋಡಿದ್ದು ಇಷ್ಟು. ಮೇಗುಂದ, ಭಂಡಿಗಡಿ ಕಡೆಯ ಮನೆಗಳಿಗೆ ಬಾಟಲಿ ಬಂದ ಕೂಡಲೇ ಯಾರಾದರೂ ಕೇಳುತ್ತಿದ್ದರು: “ಯಾವ ಕಿಟಕಿದು?” ಉತ್ತರ ಸಿಕ್ಕಿದರೆ ಮತ್ತೆ ಬಾಟಲಿಗೆ ಅಂಟಿಸಿದ ಚೀಟಿ ನೋಡುವವರಿಲ್ಲ. ನಾನು ಆಗ ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತಿದ್ದೆ. ಪೇಟೆಯಲ್ಲೇ ಇದ್ದ, ಅಕ್ಷರ ಬಲ್ಲ ನಮ್ಮ ಮನೆಯಲ್ಲೂ ಅದೇ ರೂಢಿ.

ಎಪ್ಪತ್ತರ ದಶಕದ ಕೊನೆಯ ಒಂದು ಆಷಾಢ. ನನ್ನ ಮಗಳಿಗೆ ಆಗಿನ್ನೂ ಸರಿಯಾಗಿ ಜಡೆ ಹಾಕುವಷ್ಟು ಕೂದಲು ಬಂದಿರಲಿಲ್ಲ. ಅವಳಿಗೆ ಕೆಮ್ಮು, ನನ್ನ ಅಮ್ಮನಿಗೆ ಮೊಣಕಾಲು ನೋವು. ಭಂಡಿಗಡಿಯಿಂದ ಪೇಟೆಗೆ ಬಂದಿದ್ದ ನನ್ನ ಸೋದರಮಾವ ಇಬ್ಬರ ಮದ್ದನ್ನೂ ತಂದುಕೊಟ್ಟರು. ಅಂದು ಎಡಗಡೆಯ ಕಿಟಕಿಯ ಹಲಗೆ ತೇವಕ್ಕೆ ಉಬ್ಬಿ ಕಚ್ಚಿಕೊಂಡಿತ್ತು. ಕಾಂಪೌಂಡರು ಎರಡನ್ನೂ ಬಲಗಡೆಯಿಂದಲೇ ಕೊಟ್ಟಿದ್ದರು. ಬಾಟಲಿಗಳ ಚೀಟಿ ಛತ್ರಿಯ ನೀರಿಗೆ ಕಳಚಿಹೋಗಿತ್ತು.

ನನ್ನ ಹೆಂಡತಿ ಒಲೆಯ ಮುಂದಿನಿಂದಲೇ ಕೇಳಿದಳಂತೆ, “ಯಾವ ಕಿಟಕಿದು ಮಾವ?”

“ಎರಡೂ ಬಲಗಡೆದೇ ಕೂಸೇ. ಎಡಗಡೆದು ಇವತ್ತು ತೆಗೀಲೇ ಇಲ್ಲ.”

“ಹಾಗಾದ್ರೆ ನನ್ನ ಎಣ್ಣೆ ಸಿಕ್ಕಿಲ್ಲ,” ಎಂದು ಅಮ್ಮ ಒಳಗಿನಿಂದ ಹೇಳಿದರು. “ಇರಲಿ, ನಾಳೆ ಆಯ್ತು.”

ಅದು ಮಾವನ ಕಿವಿಗೆ ಬೀಳಲಿಲ್ಲ. ಬಸ್ಸಿಗೆ ಹೊತ್ತಾಗಿ ಅವರು ಅಂಗಳ ದಾಟಿದ್ದರು. ಬಲಗಡೆಯ ಎರಡು ಬಾಟಲಿ ಎಂದರೆ ಎರಡೂ ಮಗುವಿನವು ಎಂದು ನನ್ನ ಹೆಂಡತಿ ತಿಳಿದಳು. ನಾನಿದ್ದರೂ ಹಾಗೇ ತಿಳಿಯುತ್ತಿದ್ದೆ.

ನಾನು ಅಂಚೆ ಕಚೇರಿಯಿಂದ ಬಂದಾಗ ಮಗು ಬಾಯಿಗೆ ಕೈ ಹಾಕಿಕೊಂಡು ಕಿರುಚುತ್ತಿತ್ತು. “ಖಾರ ಅಂತ ಉಗೀತಿದೆ,” ಎಂದು ನನಗೆ ಹೇಳಿದ ಹೆಂಡತಿ, “ಮದ್ದು ಅಂದ ಮೇಲೆ ಖಾರ ಇರ್ತದಪ್ಪ,” ಎಂದು ಮಗುವಿಗೆ ಸಮಾಧಾನ ಮಾಡುತ್ತಿದ್ದಳು. ನಾನು ಚಮಚ ಮೂಸಿದೆ. ಅದು ಅಮ್ಮನ ಮೊಣಕಾಲಿನ ವಾಸನೆ. ಪ್ರತಿ ಸಂಜೆ ಪಡಸಾಲೆ ತುಂಬುತ್ತಿದ್ದ, ಕರ್ಪೂರದ ಎಣ್ಣೆಯ ವಾಸನೆ.

ಮಗುವನ್ನು ಎತ್ತಿಕೊಂಡು ಓಡಿದೆ. ಮದ್ದಿನಂಗಡಿ ಆಸ್ಪತ್ರೆಯ ದಾರಿಯಲ್ಲೇ ಇತ್ತು. ಬಾಟಲಿ ಹಿಡಿದು ಹಿಂದೆ ಬಂದ ಹೆಂಡತಿಯನ್ನು ನೋಡಿ ಕಾಂಪೌಂಡರು ಕಿಟಕಿಯಿಂದಲೇ ಕೂಗಿದರು.

“ಅಯ್ಯೋ, ಅದು ಹಚ್ಚೋದು ಮಾರಾಯ್ರೆ! ಹೇಳಿ ಕಳಿಸಿದ್ದೆನಲ್ಲ! ಎಷ್ಟು ಕೊಟ್ರಿ?”

“ಒಂದು ಚಮಚ... ಸ್ವಲ್ಪ ಉಗಿದಳು... ಎಷ್ಟು ನುಂಗಿದಳೋ ಗೊತ್ತಿಲ್ಲ.”

ಅವರು ಅಂಗಡಿಯನ್ನು ಹಾಗೇ ಬಿಟ್ಟು ಹೊರಗೆ ಬಂದರು. ಪಕ್ಕದ ಜವಳಿ ಅಂಗಡಿಯ ಸಾಹೇಬರು ಸ್ಕೂಟರ್ ತೆಗೆದು, “ಹತ್ತಿ, ಮಗೂನ ಗಟ್ಟಿ ಹಿಡ್ಕೊಳ್ಳಿ,” ಎಂದರು. ಹೆಂಡತಿಯೂ ಕಾಂಪೌಂಡರೂ ಹಿಂದೆ ಓಡಿ ಬಂದರು.

ಆಸ್ಪತ್ರೆಯಲ್ಲಿ ವೈದ್ಯರು ವಾಂತಿ ಮಾಡಿಸಬೇಡಿ ಎಂದರು. “ಫಿಟ್ಸ್ ಬರಬಹುದು, ಬರದೆಯೂ ಇರಬಹುದು. ಕಣ್ಣು ತೆಗೀಬೇಡಿ.” ಅಷ್ಟೇ. ನೋಡುವುದು ನನ್ನ ಕಸುಬು. ಅಪಘಾತ, ಬೆಂಕಿ, ಹೆಣ ಎಲ್ಲವನ್ನೂ ಸ್ಥಿಮಿತ ಕಳೆದುಕೊಳ್ಳದೆ ನೋಡಿದ್ದೆ. ಅಂದು ಮಗಳ ರೆಪ್ಪೆ ಅದುರಿದಾಗಲೆಲ್ಲ ನನ್ನ ಹಲ್ಲು ಕಟಕಟಿಸುತ್ತಿತ್ತು. ಅವಳು ಸುಮ್ಮನಾದರೆ ಭಯ, ಕೆಮ್ಮಿದರೆ ಭಯ, ಬೆರಳು ಮಡಚಿದರೆ ಭಯ. ಕಾಂಪೌಂಡರು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆ ಎತ್ತದೆ, ನೆಲವನ್ನೇ ನೋಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮಗಳು ಕಣ್ಣುಬಿಟ್ಟು, “ಅಪ್ಪಾ, ಇನ್ನೂ ಮದ್ದು ಕುಡೀಬೇಕಾ?” ಎಂದಳು.

ಬದುಕಿದಳು. ಸುದ್ದಿ ತಿಳಿದು ಬಂದ ಮಾವ ಜಗಲಿ ಹತ್ತಲಿಲ್ಲ. “ಒಂದು ಹಚ್ಚೋದು ಅಂತ ಕಾಂಪೌಂಡರು ಹೇಳಿದ್ದು ಆ ಗಡಿಬಿಡೀಲಿ ನಂಗೆ ನೆನಪೇ ಆಗ್ಲಿಲ್ಲ. ಆದ್ರೆ ನಾನು ಸುಳ್ಳು ಹೇಳಿದ್ದಲ್ಲ ಮಾಣಿ,” ಎಂದರು. ಹೇಳಿರಲಿಲ್ಲ. ಅವರ ಪ್ರತಿ ಮಾತೂ ನಿಜವಾಗಿತ್ತು.

ಎಂಬತ್ತರ ದಶಕದಲ್ಲಿ ಅಂಗಡಿ ಕಟ್ಟಿಸಿದವರ ಮೊಮ್ಮಗ ನಡುಗೋಡೆ ಒಡೆದು, ಎಡ ಕಿಟಕಿ ಮುಚ್ಚಿ, ಗಾಜಿನ ಶೋಕೇಸ್ ಇಡಿಸಲು ಹೊರಟ. ಕಟ್ಟಡ ಉಳಿಸತಕ್ಕದ್ದೇ ಎಂದು ನೋಡಲು ಪುರಾತತ್ವ ಇಲಾಖೆಯ ಒಬ್ಬ ಅಧಿಕಾರಿ ಬಂದಿದ್ದರು. ಪತ್ರಿಕೆಯವನೆಂದು ನನ್ನನ್ನೂ ಕರೆದಿದ್ದರು.

“ಕೆತ್ತನೆ ಇಲ್ಲ, ಶಾಸನ ಇಲ್ಲ. ಎಂತ ನೋಡ್ಬೇಕು ಇಲ್ಲಿ?” ಎಂದರು ಅಧಿಕಾರಿ.

ಕಿಟಕಿಗಳನ್ನು ತೋರಿಸಿದೆ. ಸುತ್ತಲಿನ ಹಳ್ಳಿಗಳು ತಲೆಮಾರುಗಳಿಂದ ಈ ಗೋಡೆಯನ್ನು ನಂಬಿ ಮದ್ದು ಕುಡಿದಿವೆ, ಇದರ ಮಹತ್ವ ಅದೇ ಎಂದೆ. ಮಗಳ ವಿಷಯವನ್ನೂ ಹೇಳಿದೆ.

ಮೊಮ್ಮಗ ನಕ್ಕ. “ಎಂತ ಮಾರಾಯ್ರೆ, ಈ ಕಿಟಕಿ ನಂಬಿಯೇ ಅಲ್ವಾ ನಿಮ್ಮ ಮಗು ಸಾಯ್ತಿದ್ದದ್ದು? ಅದನ್ನೇ ಉಳಿಸಿ ಅಂತೀರಲ್ಲ!”

“ಅದು ಮುಚ್ಚಿದ್ದು ಒಂದು ದಿನ. ನೀವು ಮುಚ್ಚೋದು ಶಾಶ್ವತವಾಗಿ,” ಎಂದೆ. “ಹಳ್ಳಿಯವರು ಯಾವ ಕಿಟಕಿದು ಅಂತ ಕೇಳೋದು ನಿಲ್ಲಿಸ್ತಾರೆ ಅಂದ್ಕೊಂಡಿದ್ದೀರಾ?”

ಆದರೂ ಗೋಡೆ ಒಡೆದರು. ಅಧಿಕಾರಿಯ ವರದಿ ಏನಾಯಿತೋ ನನಗೆ ತಿಳಿಯಲಿಲ್ಲ. ಹೊಸ ಬಾಗಿಲಿನಿಂದ ಜನ ಒಳಗೆ ಹೋಗಿ, ಒಂದೇ ಮೇಜಿನ ಮೇಲಿಂದ ಎಲ್ಲ ಮದ್ದನ್ನೂ ತರತೊಡಗಿದರು. ಶೋಕೇಸಿನ ಮುಂದೆ ಒಂದು ದಿನ ಹಿರೇಕೊಡಿಗೆಯ ಮುದುಕಿಯೊಬ್ಬಳು ಬಾಟಲಿ ಹಿಡಿದು ನಿಂತಿದ್ದಳು. “ಇದು ಯಾವ ಕಿಟಕಿದು ಮಾರಾಯ?” ಎಂದು ದಾರಿಯಲ್ಲಿ ಹೋಗುತ್ತಿದ್ದ ನನ್ನನ್ನು ಕೇಳಿದಳು.

ನನ್ನ ಹಲ್ಲು ಮತ್ತೆ ಕಟಕಟಿಸಿತು. ಅವಳ ಕೈಯಿಂದ ಬಾಟಲಿ ಇಸಿದುಕೊಂಡು, ಬಿರಡೆ ತೆಗೆದು ಮೂಸಿದೆ.