ಭವ್ಯಳ ಫೈಲು ತೆರೆದವರು ಯಾರು?

"ಹುಡ್ಗಿಗೆ ತಲೆ ಡಾಕ್ಟ್ರು ಮಾತ್ರೆ ಕೊಟ್ಟಿದ್ರಂತಲ್ಲ ಸಾರ್?"

ಕುಣಿಗಲ್‌ನಿಂದ ಬಂದ ಫೋನಿನಲ್ಲಿ ಮೊದಲ ಮಾತೇ ಇದು. ಮಾತಾಡಿದವರು ನನ್ನ ಅಕ್ಕನ ಮಗಳು ಭವ್ಯಳನ್ನು ಒಪ್ಪಿಕೊಂಡಿದ್ದ ಹುಡುಗನ ದೊಡ್ಡಪ್ಪ. ನಿಶ್ಚಿತಾರ್ಥಕ್ಕೆಂದು ನಾವು ಗುಬ್ಬಿಯಲ್ಲಿ ಛತ್ರ ಹುಡುಕುತ್ತಿದ್ದೆವು.

ನಿಜ, ಕೊಟ್ಟಿದ್ದರು. ಭಾವ ತೀರಿಕೊಂಡಾಗ ಭವ್ಯ ಊಟ, ನಿದ್ದೆ ಬಿಟ್ಟಿದ್ದಳು. ತುಮಕೂರಿನ ಬಟವಾಡಿ ಕಡೆಯ ಒಂದು ಖಾಸಗಿ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಕೆಲವು ತಿಂಗಳು ಮಾತ್ರೆ ತೆಗೆದುಕೊಂಡಳು, ಹುಷಾರಾದಳು. ಈಗ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. (ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಹೆಸರನ್ನೂ ಬದಲಿಸಿದ್ದೇನೆ. ಅಷ್ಟು ಮರ್ಯಾದೆ ಆಸ್ಪತ್ರೆಗೆ ಇರಲಿಲ್ಲ.)

ನಿಮಗೆ ಹೇಗೆ ಗೊತ್ತಾಯಿತು ಎಂದೆ.

"ನಮ್ಮೋರೊಬ್ರು ಅಲ್ಲೇ ರೆಕಾರ್ಡ್ ರೂಮಲ್ಲವ್ರೆ. ಕಂಪ್ಯೂಟರಲ್ಲಿ ನೋಡಿ, ಫೋಟೋ ಹೊಡ್ದು ವಾಟ್ಸಾಪ್ ಮಾಡವ್ರೆ. ಬುಡಿ ಸಾರ್, ಈ ಸಂಬಂಧ ಬ್ಯಾಡ."

ಮೈ ಉರಿದುಹೋಯಿತು. ಮಾರನೆಯ ದಿನವೇ ಭವ್ಯಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಯಾವ ಫೈಲನ್ನು ಯಾರು ತೆರೆದರು ಎನ್ನುವುದು ಕಂಪ್ಯೂಟರಿನಲ್ಲಿ ಉಳಿಯುತ್ತದಲ್ಲ, ತೋರಿಸಿ ಎಂದೆ. ರೆಕಾರ್ಡ್ ರೂಮಿನ ಇನ್‌ಚಾರ್ಜ್ ಗೊಣಗಿಕೊಂಡೇ ತೋರಿಸಿದ. ತೆರೆದವರು ಯಶೋದಮ್ಮ.

"ಕರೀರಿ ಅವರನ್ನ."

"ಅವ್ರು ರಿಟೈರಾಗಿ ಮನೇಲವ್ರೆ ಸಾರ್. ಅವ್ರ ಲಾಗಿನ್ನಲ್ಲೇ ನಾವೆಲ್ಲ ಕೆಲ್ಸ ಮಾಡೋದು."

ಪಾಸ್‌ವರ್ಡ್ ಮಾನಿಟರಿನ ಮೇಲೇ ಅಂಟಿಸಿತ್ತು. ಎಲ್ಲರಿಗೂ ಬೇರೆ ಬೇರೆ ಐಡಿ ಕೊಟ್ಟಿದ್ದಾರಂತೆ. ಆದರೆ ಒಬ್ಬೊಬ್ಬರೂ ಲಾಗೌಟ್ ಮಾಡಿಕೊಂಡು ಕೂತರೆ ಕ್ಯೂ ರಸ್ತೆಗೆ ಬರುತ್ತದಂತೆ. ಹಾಗಾಗಿ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿರಬಹುದಾದ ಯಶೋದಮ್ಮ ಇಲ್ಲಿ ದಿನವಿಡೀ ಕಂಡವರ ಕಾಯಿಲೆ ನೋಡುತ್ತಿದ್ದಾರೆ!

ಕೆಲಸದ ಒತ್ತಡ ನನಗೂ ಅರ್ಥವಾಗುತ್ತದೆ. ಆದರೆ ಆತನ ಮುಂದಿನ ಮಾತು ಕೇಳಿ: "ಮದ್ವೆ ವಿಷ್ಯ ಸಾರ್. ಅಕ್ಕಪಕ್ಕದೋರನ್ನ ವಿಚಾರಿಸಲ್ವಾ? ಅಂಗೇ ಇದೂನೂವೆ."

ಹಾಗೆಯೇ? ಅಕ್ಕಪಕ್ಕದವರು ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. ಇವಳು ಬಾಗಿಲು ಹಾಕಿಕೊಂಡು ಡಾಕ್ಟರಿಗೆ ಮಾತ್ರ ಹೇಳಿದ್ದನ್ನು ಕದ್ದು ನೋಡುವುದು ವಿಚಾರಿಸುವುದಾ?

ಹಿಂದೆ ಫೈಲು ಬೇಕಾದರೆ ಡಾಕ್ಟರ ಚೀಟಿ ಬೇಕಿತ್ತು. ಏಣಿ ಹತ್ತಬೇಕಿತ್ತು, ಧೂಳು ಕುಡಿದು ಸೀನಬೇಕಿತ್ತು. ಸುಮ್ಮನೆ ಕುತೂಹಲಕ್ಕೆ ಯಾರೂ ಅಷ್ಟು ಕಷ್ಟಪಡುತ್ತಿರಲಿಲ್ಲ. ಈಗ ಹೆಸರು ಒತ್ತಿದರೆ ಸಾಕು. ಕಂಪ್ಯೂಟರ್ ಬರಲಿ, ಬೇಡ ಎಂದವರು ಯಾರು? ರಿಪೋರ್ಟು ಕಳೆದುಹೋಗುವುದಿಲ್ಲ, ಎಮರ್ಜೆನ್ಸಿಯಲ್ಲಿ ಜೀವ ಉಳಿಯುತ್ತದೆ. ಆದರೆ ಎಲ್ಲಿ ಒತ್ತಬೇಕು ಎಂದು ಕಲಿಸಿದವರು, ಯಾವುದನ್ನು ತೆರೆಯಬಾರದು ಎಂದು ಯಾಕೆ ಕಲಿಸಲಿಲ್ಲ?

ಮ್ಯಾನೇಜರ್ "ಎನ್‌ಕ್ವೈರಿ ಮಾಡ್ತೀವಿ" ಎಂದರು. ಯಾರನ್ನು, ಯಶೋದಮ್ಮನನ್ನಾ?

ಇನ್ನೊಂದು ವಿಷಯ. ಮಾತ್ರೆಯ ಸಂಗತಿಯನ್ನು ಭವ್ಯ ಹುಡುಗನಿಗೆ ಮೊದಲ ಭೇಟಿಯಲ್ಲೇ ಹೇಳಿದ್ದಳು. ಅವನು ಅದಕ್ಕೇನಂತೆ ಎಂದಿದ್ದ. ಫೋಟೋ ದೊಡ್ಡಪ್ಪನ ಕೈಸೇರಿದ ಮೇಲೆ ಅವನ ಬಾಯಿಯೇ ಕಟ್ಟಿದೆ. ಇಂಥವನು ತಪ್ಪಿದ್ದೇ ಒಳ್ಳೆಯದಾಯಿತು ಎಂದು ಸಮಾಧಾನ ಹೇಳಲು ಹೋದೆ.

ಗುಬ್ಬಿ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಲೇ ಅಂದಳು: "ಅದು ಹಾಳಾಗ್ಲಿ ಬಿಡು ಮಾವ. ಅಮ್ಮಂಗೆ ಹೇಳ್ತೀನಿ, ಇನ್ಮೇಲೆ ಯಾವ ಡಾಕ್ಟರ್ ಹತ್ರಾನೂ ಏನೂ ಬಾಯಿ ಬಿಡ್ಬೇಡ ಅಂತ."

ಅಕ್ಕನಿಗೆ ಈಚೆಗೆ ಆಗಾಗ ಎದೆನೋವು ಬರುತ್ತದೆ. ಅದನ್ನು ಅವಳು ಇನ್ನು ಯಾರಿಗೆ ಹೇಳಬೇಕು?